ಕುಂಬಳದ ಬಳ್ಳಿಗೆ ನಾನು ಸುರಿದ ನೀರು

ರಂಗಕ್ಕ, ಆ ಕುಂಬಳದ ಬಳ್ಳಿಯನ್ನು ಕೊಂದದ್ದು ನಿನ್ನ ಬೆರಳಲ್ಲ — ನಾನು.

ಮೂವತ್ತರ ದಶಕದ ಆ ವರ್ಷ ನೀನು ಮರೆತಿರಲಾರೆ. ಕೊಯಮತ್ತೂರಿನ ನಮ್ಮ ಮಿಲ್ಲು ಬಾಗಿಲು ಹಾಕಿತ್ತು. ಲೈನು ಮನೆಗಳ ಹಿಂದಿನ ಬಯಲಲ್ಲಿ ನಾವು ಹೆಂಗಸರು ಹಾಕಿದ ಸೊಪ್ಪಿನ ಮಡಿಗಳೇ ಎಲ್ಲರ ಹೊಟ್ಟೆ ನೋಡಿಕೊಳ್ಳುತ್ತಿದ್ದವು. ಮನೆಗೊಂದು ಮಡಿ, ಬೇಲಿಯ ಮೇಲಿನ ಕುಂಬಳ ಮಾತ್ರ ಎಲ್ಲರದು. ಗಂಡನನ್ನು ಕಳೆದುಕೊಂಡಿದ್ದ ನೀನು ಇಬ್ಬರು ಮಕ್ಕಳನ್ನು ಆ ಮಡಿಯಿಂದಲೇ ಸಾಕುತ್ತಿದ್ದೆ.

ನಮ್ಮ ಮನೆಯಲ್ಲಿ ಮಗ್ಗ ಇನ್ನೂ ಇತ್ತು. ನೂಲಿಗೆ ಹಾಕಿ ಉಳಿದ ಗಂಜಿಯನ್ನು ನೀರಲ್ಲಿ ಕದಡಿ ಬಳ್ಳಿಯ ಬುಡಕ್ಕೆ ಹುಯ್ಯುವುದು ನನ್ನ ಕೆಲಸ. ಆ ಮಧ್ಯಾಹ್ನ ಅವಸರದಲ್ಲಿ — ಅವಸರವೇನು ಬಂತು, ಅಸಡ್ಡೆಯೇ — ಪಕ್ಕದ ಮಡಕೆಯಲ್ಲಿದ್ದ ನೂಲಿಗೆ ಬಣ್ಣ ಹಾಕುವ, ಕೈ ಸುಡುವ ಸೋಡಾ ನೀರನ್ನು ಸುರಿದು ಬಂದೆ. ಮನೆಯೊಳಗೆ ಬಂದು ನೋಡಿದರೆ ಗಂಜಿಯ ಮಡಕೆ ತುಂಬಿಯೇ ಇತ್ತು. ಯಾರಿಗೂ ಹೇಳಲಿಲ್ಲ.

ಬಳ್ಳಿ ಸುಟ್ಟುಹೋಯಿತು, ಹೀಚುಗಳೆಲ್ಲ ಉದುರಿದವು. ಹೆಂಗಸರು ಬೇಲಿಯ ಹತ್ತಿರ ಸೇರಿದರು. ಪಿಂಜಿಗೆ, ಅಂದರೆ ಎಳೆಯ ಕಾಯಿಗೆ, ಬೆರಳು ತೋರಿಸಿದರೆ ಅದು ಕೊಳೆಯುತ್ತದೆಂದು ನಮ್ಮವರೆಲ್ಲ ನಂಬಿದ್ದರು — ನಾನೂ ನಂಬುತ್ತಿದ್ದೆ, ನನಗೆ ಅನುಕೂಲವಾದಾಗ. ಹಿಂದಿನ ದಿನ ನೀನು ಮಕ್ಕಳಿಗೆ ಹೀಚು ತೋರಿಸಿ ನಗುತ್ತಿದ್ದುದನ್ನು ಕಂಡಿದ್ದೆ.

“ಪಿಂಜಿಗೆ ಬೆರಳು ತೋರ್ಸಿದ್ದು ರಂಗಕ್ಕನೇ. ನಾ ಕಣ್ಣಾರೆ ನೋಡ್ದೆ,” ಎಂದುಬಿಟ್ಟೆ.

ಯಾರೂ ನನ್ನನ್ನು ಕೇಳಿರಲಿಲ್ಲ. ನಾನಾಗಿಯೇ ಅಂದೆ.

ನೀನು ನಿನ್ನ ಬೆರಳನ್ನೇ ನೋಡಿಕೊಂಡೆ. “ಆಮಾ, ಹೌದು, ತೋರ್ಸಿದೆ… ಮಕ್ಕ ಆಸೆಯಾಗಿ ಕೇಳಿದ್ವು ಅಂತ. ತಪ್ಪಾಯ್ತು.”

ನೀನೂ ನಂಬಿಬಿಟ್ಟೆಯಲ್ಲ — ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಕೈಗುಣ ಕೆಟ್ಟವಳು ಬಯಲಿಗೆ ಕಾಲಿಡಬಾರದೆಂದರು. ನಿನ್ನ ಮಡಿ ಕಿತ್ತುಕೊಂಡರು. ತಿನ್ನಲು ಬೇರೆ ದಾರಿಯಿಲ್ಲದೆ ನೀನು ಮಕ್ಕಳೊಂದಿಗೆ ವಾಲ್ಪಾರೈನ ಟೀ ತೋಟಕ್ಕೆ ಹೊರಟೆ. ಚಳಿಜ್ವರದ ಬೆಟ್ಟ ಅದು, ನನಗೆ ಗೊತ್ತಿತ್ತು. ಹೊರಟ ದಿನ ನನ್ನ ಬಾಗಿಲಲ್ಲೂ ನಿಂತು ಹೇಳಿ ಹೋದೆ. ಆಗಲಾದರೂ ನಾನು — ಇಲ್ಲ, ಬಾಯಿ ಬಿಡಲಿಲ್ಲ. ಆಮೇಲೆ ಬೆಟ್ಟದಿಂದ ಬಂದವರನ್ನು ನಿನ್ನ ಸುದ್ದಿ ಕೇಳಲೂ ಹೆದರಿದೆ.

ಇನ್ನೊಂದು ಮಾತು ಉಳಿದಿದೆ, ಅದನ್ನೂ ಹೇಳುತ್ತೇನೆ. ನಿನ್ನ ಮಡಿಯನ್ನು ನನಗೇ ಕೊಟ್ಟರು. ಬೇಡ ಎನ್ನಲಿಲ್ಲ. ನೀನು ಬಿತ್ತಿ ಹೋಗಿದ್ದ ಕೀರೆ ಸೊಪ್ಪು ಸೊಂಪಾಗಿ ಬಂದಿತ್ತು. ಕೊಯ್ದು ಸಾರು ಮಾಡಿ ನನ್ನ ಮಕ್ಕಳಿಗೆ ಬಡಿಸಿದೆ. ನಾನೂ ಹೊಟ್ಟೆ ತುಂಬ ಉಂಡೆ.