ದ್ವೀಪಕ್ಕೆ ಹೋದ ಮುದ್ದೆ ಕೋಲು

ಹುಣಸೂರು ಕಡೆ ಹೊಗೆಸೊಪ್ಪಿಗೆ ಒಳ್ಳೆಯ ರೇಟು ಬಂದ ವರ್ಷ ಜನ ಮನೆಗೆ ಬಣ್ಣ ಹೊಡೆಸಿ ತೃಪ್ತಿಪಡುತ್ತಿದ್ದ ಕಾಲ ಅದು. ನಮ್ಮ ದೊಡ್ಡಪ್ಪನಿಗೆ ಅಷ್ಟು ಸಾಲಲಿಲ್ಲ. ಪಕ್ಕದೂರಿನವರು ಅಂಡಮಾನಿಗೆ ಹೋಗಿ ಬಂದರೆಂದು ಗೊತ್ತಾದದ್ದೇ ತಡ, ಇಡೀ ಮನೆಯನ್ನು ವಿಮಾನ ಹತ್ತಿಸಿದರು. ನನಗಾಗ ಹತ್ತು ವರ್ಷ. ದೊಡ್ಡಪ್ಪನಷ್ಟು ದೊಡ್ಡ ಮನುಷ್ಯ ಮೈಸೂರು ಜಿಲ್ಲೆಯಲ್ಲೇ ಇಲ್ಲ ಎಂದು ನಂಬಿದ್ದೆ.

ದೊಡ್ಡಮ್ಮನಿಗೆ ಇದ್ದದ್ದು ಒಂದೇ ಆಸೆ. ಅಲ್ಲೊಂದು ಪುಟ್ಟ ದ್ವೀಪವಿದೆ, ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂರಿಸಿ ಸಮುದ್ರದ ಒಳಗನ್ನು ತೋರಿಸುತ್ತಾರೆ ಎಂದು ಯಾರೋ ಹೇಳಿದ್ದರು. ದೊಡ್ಡಮ್ಮ ಹನಗೋಡಿನವರು, ಹೊಳೆ ದಡದಲ್ಲಿ ಬೆಳೆದವರು. “ಮೀನ ಬುಟ್ಟೀಲಿ ನೋಡಿವ್ನಿ, ಬಾಣ್ಲೇಲಿ ನೋಡಿವ್ನಿ. ಅದು ಅದ್ರ ಮನೇಲಿ ಎಂಗಿರ್ತದೆ ಅಂತ ಒಂದ್ಸಲ ನೋಡ್ಬೇಕು ಕಣವ್ವ,” ಎಂದು ನನಗೆ ಜಡೆ ಹಾಕುವಾಗಲೆಲ್ಲ ಹೇಳುತ್ತಿದ್ದರು.

ದ್ವೀಪ ಬಲು ಚಿಕ್ಕದು. ಬಿಳಿ ಮರಳು, ನೀರಿನತ್ತ ಬಾಗಿದ ತೆಂಗು, ಮೂಗಿಗೆ ಹೊಡೆಯುವ ಉಪ್ಪು ಗಾಳಿ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ದೊಡ್ಡಪ್ಪ ಬೋಟಿನಿಂದ ಇಳಿದವರೇ ಸೊಂಟದ ಮೇಲೆ ಕೈಯಿಟ್ಟು ಮೂಗು ಮುರಿದರು.

“ಥೂ, ಈ ಮರ್ಗಳು ಗೊಬ್ರನೇ ಕಂಡಿಲ್ಲ. ಇದ ನೋಡಕ್ಕಾ ಇಷ್ಟ್ ದೂರ ಬಂದಿದ್ದು?”

“ಊಂ ಕಣಣ್ಣ, ನಮ್ಮ್ ಕೆರೆ ಏರಿನೇ ವಾಸಿ,” ಎಂದು ನಮ್ಮಪ್ಪ ತಲೆಯಾಡಿಸಿದರು. ಅಣ್ಣನ ಮಾತಿಗೆ ನಮ್ಮಪ್ಪ ತಲೆಯಾಡಿಸದೆ ಇದ್ದದ್ದನ್ನು ನಾನು ಈವರೆಗೂ ನೋಡಿಲ್ಲ.

ಆಮೇಲೆ ದೊಡ್ಡಪ್ಪನಿಗೆ ಹಸಿವಾಯಿತು. ಬಂದಾಗಿನಿಂದ ಹೋಟೆಲಿನ ಅನ್ನ, ಚಪಾತಿ ತಿಂದು ನಾಲಗೆ ಕೆಟ್ಟಿತ್ತಂತೆ. ಅಣ್ಣತಮ್ಮಂದಿರು ಕಲ್ಲು ಹೊಂದಿಸಿ, ತೆಂಗಿನ ಗರಿ ಎಳೆದು ತಂದರು. ಚೀಲದಿಂದ ರಾಗಿಹಿಟ್ಟು, ಪಾತ್ರೆ, ಉಪ್ಸಾರಿನ ಖಾರ, ಮುದ್ದೆ ಕೋಲು ಹೊರಬಂದವು. ಹೌದು, ಮುದ್ದೆ ಕೋಲೂ ವಿಮಾನದಲ್ಲಿ ಬಂದಿತ್ತು! ಬೆಂಕಿ ಹಚ್ಚಬಾರದೆಂದು ಬೋಟಿನವನು ಹಿಂದಿಯಲ್ಲಿ ಹೇಳಿದ. ದೊಡ್ಡಪ್ಪ ಕನ್ನಡದಲ್ಲಿ ಅವನಿಗಿಂತ ಜೋರಾಗಿ ಕೂಗಾಡಿ ಬಾಯಿ ಮುಚ್ಚಿಸಿದರು. ಇದನ್ನವರು ಇಂದಿಗೂ ತಮ್ಮ ಪರಾಕ್ರಮವೆಂದು ಹೇಳಿಕೊಳ್ಳುತ್ತಾರೆ.

ಗರಿ ಹಸಿಯಾಗಿತ್ತು. ವರ್ಷವರ್ಷವೂ ಬ್ಯಾರನ್ ಗೂಡಿಗೆ ಬೆಂಕಿ ಹಾಕಿ ಹೊಗೆಸೊಪ್ಪು ಬೇಯಿಸುವ ಗಂಡಸರಿಗೆ ಒಂದು ಒಲೆ ಹಚ್ಚಲು ಬರಲಿಲ್ಲ. ಕೊನೆಗೆ ಮರಳಿನಲ್ಲಿ ಬಗ್ಗಿ ಕೂತು, ಕಣ್ಣೀರು ಸುರಿಸಿಕೊಂಡು ಊದಿದ್ದು ದೊಡ್ಡಮ್ಮ.

ಹಿಟ್ಟು ಹಾಕುವ ಹೊತ್ತಿಗೆ ಗಾಜಿನ ದೋಣಿಯವನು ಕೂಗಿದ. ನೀರು ಇಳಿಯುತ್ತಿದೆ, ಇದೇ ಕೊನೆಯ ಸುತ್ತು ಎಂದದ್ದು ನನ್ನ ಶಾಲೆಯ ಹಿಂದಿಗೂ ಅರ್ಥವಾಯಿತು. ನಾನು ಹೇಳಿದ ಕೂಡಲೇ ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು.

“ಒಂದ್ಗಳಿಗೆ ನೋಡ್ಕಂಡ್ ಬತ್ತೀನಿ ಕಣ್ರೀ.”

“ಇಟ್ಟು ಗಂಟಾದ್ರೆ ಯಾರ್ ತಿಂತಾರೆ? ಮೀನು ಎಲ್ಲೋದದು? ಸುಮ್ಕೆ ತಿರುವಮ್ಮಿ,” ಎಂದ ದೊಡ್ಡಪ್ಪ, ನನ್ನನ್ನು ಕರೆದುಕೊಂಡು ತಾವೇ ಹೋಗಿ ದೋಣಿ ಹತ್ತಿದರು.

ಗಾಜಿನ ಕೆಳಗೆ ಹಳದಿ ಪಟ್ಟೆಯ ಮೀನುಗಳು, ಶಾಯಿ ಚೆಲ್ಲಿದಂಥ ನೀಲಿ ಮೀನುಗಳು ಗುಂಪುಗುಂಪಾಗಿ ತಿರುಗುತ್ತಿದ್ದವು. ದೊಡ್ಡಪ್ಪ ಒಂದು ಸಲ ಬಗ್ಗಿ, “ಇವ ತಿಂತಾರಾ?” ಎಂದು ಕೇಳಿದರು. ಉಳಿದಷ್ಟು ಹೊತ್ತೂ ಫೋನೆತ್ತಿ ಹಿಡಿದು ಸಿಗ್ನಲ್ ಹುಡುಕಿದರು.

ನಾವು ವಾಪಸ್ಸು ಬಂದಾಗ ದೊಡ್ಡಮ್ಮ ಮುದ್ದೆ ಕಟ್ಟುತ್ತಿದ್ದರು. ಕಣ್ಣು ಕೆಂಪಾಗಿತ್ತು. “ಎಂಗಿತ್ತವ್ವಾ ಒಳ್ಗೆ?” ಎಂದು ನನ್ನನ್ನು ಕೇಳಿದರು.

“ಏನೂ ಇಲ್ಲ ಬುಡು, ಬರೀ ಮೀನು,” ಎಂದು ದೊಡ್ಡಪ್ಪನೇ ಉತ್ತರ ಕೊಟ್ಟು, ಮುದ್ದೆ ಮುರಿದು ಖಾರಕ್ಕೆ ಅದ್ದಿ ನುಂಗಿದರು. ಹತ್ತು ವರ್ಷ ಅವರ ಮೇಲೆ ನನಗಿದ್ದ ಭಕ್ತಿ ಅಲ್ಲಿಗೆ ಮುಗಿಯಿತು. ಅದಕ್ಕೆ ನನಗೇನೂ ಬೇಸರವಿಲ್ಲ.

ಬೇಸರವಿರುವುದು ಬೇರೆಯದಕ್ಕೆ. ಈಗ ದೊಡ್ಡಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗುವ ಶಕ್ತಿ ನನಗಿದೆ, ದೋಣಿ ಹತ್ತುವ ಶಕ್ತಿ ಅವರ ಮಂಡಿಗಿಲ್ಲ. ಮೊನ್ನೆ ಅವರ ಮನೆಗೆ ಹೋಗಿದ್ದಾಗ ಟೀವಿಯಲ್ಲಿ ಸಮುದ್ರದೊಳಗಿನ ಮೀನು ತೋರಿಸುತ್ತಿದ್ದರು.

“ಬಾರಮ್ಮಿ, ನಾವ್ ಓಗಿದ್ ಜಾಗ ಬತ್ತಾ ಅದೆ!” ಎಂದು ದೊಡ್ಡಪ್ಪ ಕೂಗಿದರು.

“ಇಟ್ಟಿಳಿಸ್ಬುಟ್ಟು ಬತ್ತೀನಿ ಕಣ್ರೀ.”

ಕೈ ಒರೆಸಿಕೊಂಡು ಅವರು ಬರುವಷ್ಟರಲ್ಲಿ ಸೋಪಿನ ಜಾಹೀರಾತು ಬಂದಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, “ಎಂಗಿತ್ತವ್ವಾ?”

ನಾನು ಹೇಳಲು ಬಾಯಿ ತೆರೆದೆ.

“ಇಟ್ಟು ಆರೋಯ್ತದೆ, ಬಡ್ಸು,” ಎಂದರು ದೊಡ್ಡಪ್ಪ.

ದೊಡ್ಡಮ್ಮ ಒಳಗೆ ಹೋದರು.