ಟೊಪ್ಪಿಯ ಅಂಚು

ದರ್ಜಿ ಹೆಂಗಸಿಗೆ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿ. ಹತ್ತು ತಿಂಗಳ ಮಗಳ ಹಣೆ, ಕೆನ್ನೆಗಳ ಮೇಲೆ ಹಳದಿ ಗಂಟುಗಳು ಎದ್ದ ಮೇಲಂತೂ ಕೇಳುವುದೇ ಬೇಡ. ಚರ್ಮದ ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆ ಮಾಡಿಸಿ, "ಅಪರೂಪದ್ದು, ಆದ್ರೆ ಕೆಟ್ಟದ್ದಲ್ಲ, ಅಂಟೋದೂ ಇಲ್ಲ. ಕೆಲವು ವರ್ಷದಲ್ಲಿ ತಾನಾಗೇ ಹೋಗುತ್ತೆ. ಒಮ್ಮೊಮ್ಮೆ ದೇಹದ ಒಳಗೂ ಬರುತ್ತೆ. ಕಣ್ಣಿನ ಮೇಲೆ ಮಾತ್ರ ನಿಗಾ ಇರಲಿ" ಎಂದಿದ್ದರು.

ಅಂಟುವುದಿಲ್ಲ ಎಂದರೆ ಬೀದಿಯವರು ಕೇಳಬೇಕಲ್ಲ! ಎದುರುಮನೆಯಾಕೆ ತನ್ನ ಮಗುವನ್ನು ಬಾಚಿಕೊಂಡು ಒಳಗೆ ಹೋಗುತ್ತಿದ್ದಳು. ಗಿರಾಕಿಗಳು ಹೊಸಿಲಾಚೆ ನಿಂತೇ ಬಟ್ಟೆ ಚಾಚುತ್ತಿದ್ದರು. "ಮಗೂನ ಹೊರಗೆ ತರಬೇಡಮ್ಮ, ನಾಲ್ಕು ಜನ ನೋಡ್ತಾರೆ" ಎಂದರು ಅತ್ತೆ. ಅವಳು ಹಲ್ಲು ಕಚ್ಚಿಕೊಂಡು ಮಷೀನಿಗೆ ಕೂತಳು. ಒಂದು ಟೊಪ್ಪಿ ಹೊಲಿದು, ಅಂಚನ್ನು ಹುಬ್ಬಿನ ಕೆಳಗಿನವರೆಗೂ ಇಳಿಸಿ, ಕೆನ್ನೆ ಮುಚ್ಚುವಂತೆ ನಿರಿಗೆ ಹಿಡಿದಳು. ಬೆಳಗ್ಗೆ ಕಟ್ಟಿದ ಲಾಡಿಯನ್ನು ಬಿಚ್ಚುತ್ತಿದ್ದುದು ಮಲಗಿಸುವಾಗಲೇ. ಈಗ ಬೀದಿಗೆ ಬೀದಿಯೇ "ಎಷ್ಟು ಮುದ್ದಾಗಿದೆ!" ಎನ್ನತೊಡಗಿತು.

ಒಂದು ಮಧ್ಯಾಹ್ನ ಕಂದು ಕೋಟಿಗೆ ನೂಲು ಹೊಂದಿಸಲು ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಬಲ್ಬಿನ ಬೆಳಕಿನಲ್ಲಿ ಬಣ್ಣ ನಂಬುವವಳಲ್ಲ ಅವಳು. ಮಗು ಟೊಪ್ಪಿ ಕಿತ್ತೆಸೆದು ಬಿಸಿಲಿಗೆ ಮುಖ ತಿರುಗಿಸಿತು. ಒಂದು ಕಣ್ಣು ಕಡುಗಂದು. ಇನ್ನೊಂದು ತುಕ್ಕಿನ ಬಣ್ಣ, ಕೆಳಗೊಂದು ಕೆಂಪು ಗೆರೆ. ನೂಲನ್ನು ಅಲ್ಲೇ ಬಿಟ್ಟು ಅವಳು ಆಸ್ಪತ್ರೆಗೆ ಓಡಿದಳು.

"ಕಣ್ಣೊಳಗೂ ಗಂಟಿದೆ, ರಕ್ತ ಒಸರಿದೆ, ಒತ್ತಡ ಏರಿದೆ" ಎಂದರು ಕಣ್ಣಿನ ಡಾಕ್ಟರು. "ಔಷಧಿಗೆ ಬಗ್ಗುತ್ತೆ ಅನ್ಸುತ್ತೆ. ಇನ್ನಷ್ಟು ದಿನ ಬಿಟ್ಟಿದ್ರೆ ಕಣ್ಣೇ ಹೋಗ್ತಿತ್ತು. ಯಾವತ್ತಿಂದ ಹೀಗಿದೆ?"

ನೂಲಿನ ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವವಳಿಗೆ ಅದು ಗೊತ್ತಿರಲಿಲ್ಲ.

ಮನೆಗೆ ಬಂದವಳೇ ಕತ್ತರಿ ಎತ್ತಿ ಟೊಪ್ಪಿಯನ್ನು ಚಿಂದಿ ಮಾಡಿದಳು.

"ಅಯ್ಯೋ, ಅಷ್ಟು ಚೆಂದದ್ದು!" ಎಂದರು ಅತ್ತೆ.

"ನಿಮ್ಮ ನಾಲ್ಕು ಜನಕ್ಕೆ ಹೆದರಿ ನನ್ನ ಮಗಳ ಕಣ್ಣು ನಾನೇ ಮುಚ್ಚಿದೆನಲ್ಲ ಅತ್ತೆ! ನನ್ನ ಕೈಗಿಷ್ಟು ಬೆಂಕಿ ಹಾಕ!"

ಮರುದಿನ ಬೆಳಗ್ಗೆ ಮಗುವನ್ನು ಬರಿದಲೆಯಲ್ಲೇ ಬೀದಿಗೆ ತಂದಳು. ಎದುರುಮನೆಯಾಕೆ ಮತ್ತೆ ಮೊದಲಿನಂತೆ ತನ್ನ ಮಗುವನ್ನು ಬಾಚಿಕೊಂಡಳು.

"ನಿಲ್ರೀ!" ದರ್ಜಿಯ ದನಿಗೆ ಬೀದಿಯೇ ತಿರುಗಿತು. "ಒಳಗೆ ಓಡಬೇಡಿ. ಚೆನ್ನಾಗಿ ನೋಡಿ, ದಿನಾ ನೋಡಿ. ಈ ಕಣ್ಣಲ್ಲಿ ಮತ್ತೆ ಕೆಂಪು ಕಂಡ್ರೆ ನನ್ನ ಕೂಗಿ."

ಆಕೆ ಕದಲಲಿಲ್ಲ. ದರ್ಜಿಯೇ ಬೀದಿ ದಾಟಿ ಮಗುವಿನ ಮುಖವನ್ನು ಆಕೆಯ ಮುಂದೆ ಹಿಡಿದಳು.