ಖಾಸಿಂಬಿ ಆರಿಸಿಕೊಂಡ ನೋವು

ನವಲಗುಂದದ ಖಾಸಿಂಬಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ನಾದಿನಿ ಜಹೀರಾಳ ಪಕ್ಕ ಒಂದೇ ಮಗ್ಗದ ಮುಂದೆ ಕೂತು ಜಮಖಾನ ನೇಯುತ್ತಿದ್ದಳು. ಜಹೀರಾ ಜ್ವರದಲ್ಲಿ ತೀರಿಹೋದ ಮೇಲೆ, ಒಬ್ಬಳೇ ಬಲಗಡೆ ಒಂದಿಷ್ಟು ನೇಯ್ದು, ಎಡಕ್ಕೆ ಸರಿದು ಅಲ್ಲಿಯೂ ಅಷ್ಟೇ ನೇಯಬೇಕಾಯಿತು. ಮನೆಯಲ್ಲಿ ನೂಲು ಬಡಿಯುವ ಪಂಜಾದ ಸಪ್ಪಳವೊಂದೇ.

ಯಮನೂರಿನ ದರ್ಗಾಕ್ಕೆ ಹೋದಾಗ ಟೆಂಪೊದಿಂದ ಇಳಿಯುತ್ತ ಜಾರಿ ಬಿದ್ದು, ಬಲಗಾಲು ಮೊಣಕಾಲಿನ ಕೆಳಗೆ ಮುರಿಯಿತು. ಹುಬ್ಬಳ್ಳಿಯಲ್ಲಿ ಪ್ಲೇಟ್ ಹಾಕಿದರು. ವರ್ಷವಾಗುತ್ತ ಬಂದರೂ ಎಲುಬು ಕೂಡಲಿಲ್ಲ. ಪಕ್ಕದ ಮನೆಯ ರೂಬಿನಾ ಅವಳನ್ನು ಮತ್ತೆ ಆಸ್ಪತ್ರೆಗೆ ಕರೆತಂದು, ತನ್ನ ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತೆಂದು ಊರಿಗೆ ಹೊರಟಳು.

ಡಾಕ್ಟರ್ ಸುದೀಪ ಎಕ್ಸ್‌ರೇ ತೋರಿಸಿದರು. "ಇಲ್ಲಿ ಸಂದ ಉಳದೈತ್ರಿ ಅಮ್ಮಾ. ನಿಮ್ಮ ಮೈಯಾಗಿನ ಎಲುಬ ತಗದು ತುಂಬಬೇಕು."

"ಬ್ಯಾರೇದವರದು ಹಾಕಾಕ ಬರೂದಿಲ್ಲೇನ್ರಿ?"

"ಬರತೈತ್ರಿ. ಆದ್ರ ನಿಮ್ಮದ ಛಲೋ ಹತ್ತತೈತಿ."

ಖಾಸಿಂಬಿ ನಕ್ಕಳು. "ಹೌದ್ ಬಿಡ್ರಿ. ನನಗ ಕೊಡಾವ್ರರ ಮತ್ಯಾರದಾರ?"

ಡಾಕ್ಟರ್ ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಎರಡು ದಾರಿ ವಿವರಿಸಿದರು. ಒಂದು ಹಳೆಯದು: ಸೊಂಟದ ಎಲುಬಿನ ಮುಂದಿನ ಅಂಚಿನ ಮೇಲೆ ಕೊಯ್ದು ಅಲ್ಲಿಂದ ಎಲುಬು ಕೆತ್ತಿ ತೆಗೆಯುವುದು. ಕಾಲಿಗಿಂತ ಆ ಗಾಯವೇ ಹೆಚ್ಚು ದಿನ ನೋಯಬಹುದು. ಇನ್ನೊಂದು ಹೊಸದು: ತೊಡೆಯ ಎಲುಬಿನ ಪೊಳ್ಳಿನೊಳಗೆ ಉದ್ದನೆಯ ಯಂತ್ರ ಇಳಿಸಿ, ಒಳಗಿನದನ್ನು ಕೆರೆದು ಎಳೆದುಕೊಳ್ಳುವುದು. ನೋವು ಕಡಿಮೆ, ಎಲುಬೂ ಸಾಕಷ್ಟು ಸಿಗುತ್ತದೆ. ಆದರೆ ರಕ್ತ ಹೆಚ್ಚು ಹೋಗುತ್ತದೆ. ಕೆರೆದು ಎಲುಬಿನ ಒಳಗೋಡೆ ತೆಳುವಾದರೆ, ಬಿದ್ದಾಗ ತೊಡೆಯೇ ಮುರಿಯುವ ಭಯವೂ ಸ್ವಲ್ಪ ಇದೆ.

"ತೊಡಿದು ಮಾಡಿದ್ರ ಕೆಲವು ವಾರ ಬಾಜೂಕ ಒಬ್ರು ಇರಬೇಕಾಕ್ಕೈತಿ. ಮನ್ಯಾಗ ಯಾರದಾರ್ರಿ?"

"ವಿಚಾರ ಮಾಡಿ ಹೇಳ್ತೀನ್ರಿ," ಎಂದಳು ಖಾಸಿಂಬಿ.

ವಾರ್ಡಿನಲ್ಲಿ ಪಕ್ಕದ ಹಾಸಿಗೆಯವಳು ಕುಂದಗೋಳದ ಬಸವಣ್ಣೆವ್ವ. ಸುತ್ತ ಮಗ, ಸೊಸೆ, ತಂಗಿ, ಬುತ್ತಿಗಂಟು. ಅವಳಿಗೆ ಸೊಂಟದ್ದನ್ನೇ ತೆಗೆದಿದ್ದರು. ಖಾಸಿಂಬಿಗೆ ರೊಟ್ಟಿ ಕೊಡುತ್ತ ಹೇಳಿದಳು: "ಅದು ಮಾತ್ರ ಬ್ಯಾಡವಾ. ಲಂಗದ ಲಾಡಿ ಕಟ್ಟಾಕ ಬರೂದಿಲ್ಲ. ಕುಂತ್ರ ಚಳಕು ಹೊಡಿತೈತಿ. ನೀ ನೇಯಾಕಿ, ಕುಂತ ಮಾಡೂ ಕೆಲಸ. ತೊಡಿದ ಮಾಡಸ್ಕೋ."

ಖಾಸಿಂಬಿ ಮಧ್ಯಾಹ್ನವಿಡೀ ಯೋಚಿಸಿದಳು. ರೂಬಿನಾಗೆ ಸಣ್ಣ ಮಕ್ಕಳು. ಅಣ್ಣನ ಮಗ ಇನಾಯತ್ ಗೋವಾದಲ್ಲಿದ್ದ. ಫೋನಿನಲ್ಲಿ "ನೋಡ್ತೀನಿ ಫುಫೂ" ಎಂದ. ಬಚ್ಚಲಿನ ಒದ್ದೆ ಕಲ್ಲು, ಎತ್ತರದ ಹೊಸ್ತಿಲು, ಒಳಗಿನಿಂದ ಹಾಕಿದ ಚಿಲಕ, ಎಲ್ಲ ಕಣ್ಣ ಮುಂದೆ ಬಂದವು. ಬಿದ್ದರೆ ಯಾರಿಗೆ ಕೇಳಿಸೀತು?

ಸಂಜೆ ಡಾಕ್ಟರ್ ಬಂದಾಗ ಹೇಳಿದಳು: "ಸೊಂಟದ್ದ ತಗೀರಿ. ನೋವಾದ್ರ ನಾನ ತಡ್ಕೋತೀನಿ. ಬಿದ್ರ ಎತ್ತಾವ್ರಿಲ್ಲ."

ಡಾಕ್ಟರ್ ತಲೆಯಾಡಿಸಿ, ಕಾಗದದಲ್ಲಿ ಬರೆದುಕೊಂಡರು.

ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದಾಗ ಕಾಲಿಗಿಂತ ಸೊಂಟ ಉರಿಯುತ್ತಿತ್ತು. ಆ ಹೊತ್ತಿಗೆ ಬಸವಣ್ಣೆವ್ವ ಊರಿಗೆ ಹೋಗಿದ್ದಳು; ಹಾಸಿಗೆಯ ಮೇಲೆ ಹೊಸ ಚಾದರ ಹಾಸಿತ್ತು. ಖಾಸಿಂಬಿ ಗೋಡೆಯ ಕಡೆ ಮುಖ ಮಾಡಿ, ಯಾರಿಗೂ ಕೇಳದಂತೆ ಅತ್ತಳು.

ಮನೆಗೆ ಬಂದ ಮೇಲೆ ವಾಕರ್ ಹಿಡಿದು ಒಲೆಯಿಂದ ಕೊಡದವರೆಗೆ, ಕೊಡದಿಂದ ಹಾಸಿಗೆಯವರೆಗೆ ಓಡಾಡಿದಳು. ಬೆಳಿಗ್ಗೆ ರೂಬಿನಾ ಚಹಾ ಕೊಟ್ಟು ಹೋಗುತ್ತಿದ್ದಳು. ಇನಾಯತ್ ಬರಲಿಲ್ಲ. ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತಿಗೆ ಎಕ್ಸ್‌ರೇಯಲ್ಲಿ ಸಂದು ಮುಚ್ಚಿತ್ತು. "ಕೂಡೇತ್ರಿ ಅಮ್ಮಾ," ಎಂದರು ಡಾಕ್ಟರ್. ಆ ಮಾತನ್ನು ಯಾರಿಗಾದರೂ ಹೇಳಬೇಕೆನಿಸಿ, ಊರಿಗೆ ಮರಳುವ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತ ಹೆಂಗಸಿಗೆ ಹೇಳಿದಳು. ಆಕೆ "ಛಲೋ ಆತ್ ಬಿಡ್ರಿ" ಎಂದು ಅಣ್ಣಿಗೇರಿ ಕಡೆಯ ಬಸ್ಸು ಹಿಡಿಯಲು ನಡುವೆಯೇ ಇಳಿದಳು.

ಕಾಲು ನಡೆಯುತ್ತದೆ, ಸೊಂಟ ಇನ್ನೂ ನೋಯುತ್ತದೆ. ಅಗಲದ ಜಮಖಾನಕ್ಕೆ ಅತ್ತಿತ್ತ ಸರಿಯಲಾಗದೆ ಖಾಸಿಂಬಿ ಈಗ ನಮಾಜಿನ ಸಣ್ಣ ಚಾಪೆಗಳನ್ನಷ್ಟೇ ನೇಯುತ್ತಾಳೆ. ಅದಕ್ಕೆ ಒಬ್ಬರು ಕೂತರೆ ಸಾಕು.